ಕೊಳವೆಗಿಂತ ಮೊದಲು ಕಡತ ಹಿಡಿಯಿರಿ

ಕೆರೆ ಕಾಣುವ ಮನೆಗೆ ಬೆಲೆ ಹೆಚ್ಚು. ಆ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಜಾಹೀರಾತಿನಲ್ಲಿ ಕಾಣದು. ಅದು ಕೆರೆಗೇ ಬರುತ್ತಿದೆ ಎಂದು ಗೊತ್ತಾದಾಗ ಸುತ್ತಲಿನವರು ಸಾಮಾನ್ಯವಾಗಿ ನೊರೆಯ ಫೋಟೊ, ಸತ್ತ ಮೀನಿನ ವಿಡಿಯೊ ಹಿಡಿದು ಹೊರಡುತ್ತಾರೆ. ಸುದ್ದಿಗೆ ಅಷ್ಟು ಸಾಕು, ಕಾನೂನಿಗೆ ಸಾಲದು. ಕೊಳವೆಯನ್ನು ರಾತ್ರೋರಾತ್ರಿ ಮುಚ್ಚಬಹುದು. ಅನುಮತಿಯ ಕಡತವನ್ನು ಹಾಗೆ ಮಾಯ ಮಾಡುವುದು ಕಷ್ಟ. 1974ರ ಜಲಮಾಲಿನ್ಯ ಕಾಯ್ದೆಯ 25ನೇ ಕಲಮಿನ ಪ್ರಕಾರ, ಕೊಳಚೆ ಹೊರಬಿಡುವ ಯಾವುದೇ ವ್ಯವಸ್ಥೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪೂರ್ವಸಮ್ಮತಿ ಬೇಕು. ಸಮ್ಮತಿಯ ಷರತ್ತುಗಳನ್ನು ಮಂಡಳಿ ಒಂದು ವಹಿಯಲ್ಲಿ ಬರೆದಿಡಬೇಕು. ಅದೇ ಕಲಮಿನ 6ನೇ ಉಪಕಲಂ ಹೇಳುವ ಮಾತು ಹೆಚ್ಚು ಜನರಿಗೆ ಗೊತ್ತಿಲ್ಲ: ಆ ಹೊರಹರಿವಿನಿಂದ ಬಾಧಿತರಾದ ಯಾರೇ ಆಗಲಿ ವಹಿಯ ಸಂಬಂಧಪಟ್ಟ ಭಾಗವನ್ನು ನೋಡಬಹುದು, ಮತ್ತು ಅಲ್ಲಿರುವ ಷರತ್ತುಗಳಿಗೆ ಆ ವಹಿಯೇ ನಿರ್ಣಾಯಕ ಪುರಾವೆ. ಸಂಸ್ಕರಿಸಿದ ನೀರನ್ನು ತೋಟಕ್ಕೂ ಶೌಚಾಲಯಕ್ಕೂ ಬಳಸಬೇಕೆಂಬ ಷರತ್ತು ಅಲ್ಲಿದ್ದು, ನೀರು ರಾಜಕಾಲುವೆಯಲ್ಲಿ ಹರಿಯುತ್ತಿದ್ದರೆ ನಿಮ್ಮ ವಾದ ಅರ್ಧ ಗೆದ್ದಂತೆ.

ಕಾಲುವೆಗೆ ಬಿಟ್ಟಿದ್ದೇವೆ, ಕೆರೆಗಲ್ಲ ಎಂಬ ಸಮಜಾಯಿಷಿಯೂ ನಿಲ್ಲದು. 24ನೇ ಕಲಂ ಮಂಡಳಿಯ ಮಾನದಂಡ ಮೀರಿದ ಮಲಿನ ವಸ್ತುವನ್ನು ನೇರವಾಗಿಯೋ ಪರೋಕ್ಷವಾಗಿಯೋ ನೀರಿನ ಹರಿವಿಗೆ ಸೇರಿಸುವುದನ್ನು ನಿಷೇಧಿಸುತ್ತದೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಸದ್ಯಕ್ಕೆ ಬತ್ತಿರುವ ಕಾಲುವೆಯೂ ‘ಹರಿವು’, ಮನುಷ್ಯರು ಕಟ್ಟಿದ ಕೆರೆಯೂ ‘ಹರಿವು’. ವಹಿ ತೋರಿಸಲು ಸತಾಯಿಸಿದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, ಸಮ್ಮತಿ ಪತ್ರ ಮತ್ತು ನೀರಿನ ಪರೀಕ್ಷಾ ವರದಿಗಳ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾಟಲಿಯಲ್ಲಿ ನೀವೇ ತುಂಬಿಕೊಂಡ ನೀರು ಅನುಮಾನ ಹುಟ್ಟಿಸೀತು, ಅಷ್ಟೇ. ಮಾದರಿ ಸಂಗ್ರಹಕ್ಕೆ 21ನೇ ಕಲಂ ವಿಧಿಸುವ ಕ್ರಮವಿದೆ, ಅದರಂತೆ ಮಾದರಿ ತೆಗೆಯಿರೆಂದು ಮಂಡಳಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಎದುರು ವಾದಗಳಲ್ಲಿ ಗಟ್ಟಿಯಾದದ್ದು ಒಂದೇ: ಊರಿನ ಕೊಳಚೆಯೆಲ್ಲ ಈಗಾಗಲೇ ಕೆರೆ ಸೇರುತ್ತಿರುವಾಗ ಒಂದು ವಸತಿ ಸಮುಚ್ಚಯವನ್ನೇ ಏಕೆ ದೂರಬೇಕು? ಮಾತಿನಲ್ಲಿ ಸತ್ಯವಿದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನೊರೆ, ಬೆಂಕಿಯ ಸ್ಥಿತಿಗೆ ತಂದವರು ಬಿಲ್ಡರ್‌ಗಳಷ್ಟೇ ಅಲ್ಲ. 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಆದರೆ ಪಾಲಿಕೆಯ ತಪ್ಪು ಖಾಸಗಿಯವರಿಗೆ ಪರವಾನಗಿ ಆಗುವುದಿಲ್ಲ. ಇಬ್ಬರನ್ನೂ ಪ್ರತಿವಾದಿ ಮಾಡುವುದೇ ಸರಿಯಾದ ಉತ್ತರ. ಎಸ್‌ಟಿಪಿ (ಕೊಳಚೆ ಸಂಸ್ಕರಣಾ ಘಟಕ) ಇದೆಯಲ್ಲ ಎಂದರೆ, ಇರುವುದು ಬೇರೆ, ಓಡುವುದು ಬೇರೆ. ಅದರ ವಿದ್ಯುತ್ ಬಿಲ್ಲೇ ಅರ್ಧ ಕಥೆ ಹೇಳುತ್ತದೆ. ನಿಮಗೇನು ಸಂಬಂಧ ಎಂದು ಕೇಳುವವರಿಗೆ 1991ರ ಸುಭಾಷ್ ಕುಮಾರ್ ಪ್ರಕರಣ ಸಾಕು: ಮಾಲಿನ್ಯವಿಲ್ಲದ ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿದೆ.

ಹೆಚ್ಚು ಜನ ಎಡವುವುದು ದಿನಾಂಕದಲ್ಲಿ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗೆ ಪರಿಸರ ಅನುಮತಿ ಬೇಕು, ಆದರೆ ಇಂಥ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ಇಲ್ಲ. ಯಾರೂ ಬಂದು ನಿಮ್ಮನ್ನು ಕೇಳುವುದಿಲ್ಲ. ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನ. ತಡಕ್ಕೆ ತಕ್ಕ ಕಾರಣ ಕೊಟ್ಟರೆ ಇನ್ನೂ 60 ದಿನ. ಕೊಳಚೆ ಹರಿವನ್ನೇ ಪ್ರಶ್ನಿಸುವ ಅರ್ಜಿಗೆ ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೇ ಕಲಮಿನಡಿ ಆರು ತಿಂಗಳು, ಹಾಳಾದ ಪರಿಸರದ ಪುನಃಸ್ಥಾಪನೆ ಕೇಳಲು 15ನೇ ಕಲಮಿನಡಿ ಐದು ವರ್ಷ. ಕರ್ನಾಟಕದ ಪ್ರಕರಣಗಳು ಹೋಗುವುದು ಚೆನ್ನೈನ ದಕ್ಷಿಣ ವಲಯ ಪೀಠಕ್ಕೆ. ವಕೀಲರಿಲ್ಲದೆಯೂ ವಾದಿಸಬಹುದು. ಏನು ಕೇಳಬೇಕು ಎಂಬುದರಲ್ಲೂ ಎಚ್ಚರ ಬೇಕು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ನಿರ್ಮಾಣದ ಪ್ರಕರಣದಲ್ಲಿ ನ್ಯಾಯಮಂಡಳಿ 2016ರಲ್ಲಿ ಕೆರೆಗಳ ಸುತ್ತ 75 ಮೀಟರ್ ಮೀಸಲು ವಲಯ ಘೋಷಿಸಿತು. ಶಾಸನಬದ್ಧ ನಗರ ಯೋಜನೆಯನ್ನು ನ್ಯಾಯಮಂಡಳಿ ತಿದ್ದುವಂತಿಲ್ಲವೆಂದು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಮಾಡಿತು. ಹಾಗಾಗಿ ಮೀಟರ್ ಲೆಕ್ಕದ ಜಗಳವನ್ನು ನಗರ ಯೋಜನೆಗೆ ಆಕ್ಷೇಪಣೆ ಕರೆದಾಗ ಅಲ್ಲಿ ಎತ್ತಿ. ನ್ಯಾಯಮಂಡಳಿಯ ಮುಂದೆ ಸಮ್ಮತಿ ಪತ್ರದ ಷರತ್ತು, ಅದು ಮುರಿದ ದಿನ, ನೀವು ಕೊಟ್ಟ ದೂರಿನ ಸ್ವೀಕೃತಿ, ಈ ಮೂರನ್ನು ಇಡಿ.