ಲೇಸರ್ ಕಿರಣದ ಗುಣಮಟ್ಟ: ಎಂ-ಸ್ಕ್ವೇರ್ ಅಂಶ

1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ಲೇಸರ್ ಎಂದರೆ ಹರಡದ ಕಿರಣ ಎಂಬ ತಿಳಿವಳಿಕೆ ತಪ್ಪು. ವಿವರ್ತನೆಯಿಂದಾಗಿ ಪ್ರತಿ ಕಿರಣವೂ ಸ್ವಲ್ಪವಾದರೂ ಹರಡುತ್ತದೆ. ಆದರ್ಶ ಗಾಸಿಯನ್ ಕಿರಣಕ್ಕಿಂತ ಎಷ್ಟು ಪಟ್ಟು ಹೆಚ್ಚು ಹರಡುತ್ತದೆ ಎಂಬುದೇ ಗುಣಮಟ್ಟದ ಅಳತೆ, ಅದೇ ಎಂ-ಸ್ಕ್ವೇರ್. ಇದನ್ನು ಪ್ರಚಾರಕ್ಕೆ ತಂದವರು ಆಂಥೋನಿ ಸೀಗ್‌ಮನ್.

ಸೂತ್ರ: ಕಿರಣದ ಅತಿ ಕಿರಿದಾದ ಜಾಗದ ತ್ರಿಜ್ಯ × ಹರಡುವಿಕೆಯ ಅರ್ಧಕೋನ × ಪೈ ÷ ತರಂಗಾಂತರ. ಕನಿಷ್ಠ ಬೆಲೆ 1, ಇದಕ್ಕೆ ಏಕಮಾನವಿಲ್ಲ. ಹೀಲಿಯಂ-ನಿಯಾನ್ ಲೇಸರ್ (632.8 ನ್ಯಾನೋಮೀಟರ್) ಸಾಮಾನ್ಯವಾಗಿ 1ಕ್ಕೆ ತೀರಾ ಹತ್ತಿರ.

ಅಳೆಯುವ ಕ್ರಮ ಐಎಸ್ಒ 11146 ಮಾನದಂಡದಲ್ಲಿದೆ. ಕಿರಣದ ಹಾದಿಯಲ್ಲಿ ಕನಿಷ್ಠ 10 ಕಡೆ ಕ್ಯಾಮೆರಾದಿಂದ ಅಗಲ ಅಳೆಯಬೇಕು: ಸುಮಾರು ಅರ್ಧದಷ್ಟು ಅಳತೆಗಳು ಅತಿ ಕಿರಿದಾದ ಜಾಗದಿಂದ ಒಂದು ರೇಲೀ ದೂರದೊಳಗೆ (ಅಲ್ಲಿಂದ ಕಿರಣದ ಅಡ್ಡಕೊಯ್ತದ ವಿಸ್ತೀರ್ಣ ಇಮ್ಮಡಿಯಾಗುವವರೆಗಿನ ದೂರವೇ ರೇಲೀ ದೂರ), ಉಳಿದವು ಎರಡು ರೇಲೀ ದೂರದಾಚೆ. ಒಂದೇ ಕಡೆಯ ಚಿತ್ರ ಎಷ್ಟು ದುಂಡಗೆ ಕಂಡರೂ ಅದನ್ನು ನಂಬಿ ಗುಣಮಟ್ಟ ಹೇಳಲಾಗದು.

ಲೋಹ ಕತ್ತರಿಸುವವರಿಗೆ ಇದು ಬಹಳ ಮುಖ್ಯ. ಅದೇ ಮಸೂರ, ಅದೇ ಶಕ್ತಿ, ಮಸೂರದ ಮೇಲೆ ಅದೇ ಅಗಲದ ಕಿರಣ ಇದ್ದು ಎಂ-ಸ್ಕ್ವೇರ್ 1ರಿಂದ 2 ಆದರೆ, ನಾಭಿಬಿಂದುವಿನ ವ್ಯಾಸ ಇಮ್ಮಡಿಯಾಗಿ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ.

ಕನಿಷ್ಠ ಬೆಲೆ 1 ಆದ್ದರಿಂದ, ಪರೀಕ್ಷೆಯಲ್ಲಿ ‘ಎಂ-ಸ್ಕ್ವೇರ್ 0.8’ ಎಂಬ ಆಯ್ಕೆ ಕಂಡರೆ ಯೋಚಿಸದೆ ತಳ್ಳಿಹಾಕಿ.