ಆರ್‌ಎಫ್‌ಐಡಿ ಟ್ಯಾಗ್: ಆವರ್ತನ ಪಟ್ಟಿ ಮತ್ತು ಕಾರ್ಯಕ್ಷಮತೆ

ರೇಡಿಯೊ ತರಂಗಗಳಿಂದ ವಸ್ತು, ವಾಹನ ಅಥವಾ ಪ್ರಾಣಿಯನ್ನು ಗುರುತಿಸುವ ತಂತ್ರಜ್ಞಾನವೇ ಆರ್‌ಎಫ್‌ಐಡಿ. ಗುರುತಿಸಬೇಕಾದುದಕ್ಕೆ ಅಳವಡಿಸುವ ನಿಷ್ಕ್ರಿಯ ಟ್ಯಾಗ್‌ನಲ್ಲಿ ಬ್ಯಾಟರಿ ಇರುವುದಿಲ್ಲ; ಅದರ ಚಿಪ್‌ಗೆ ಬೇಕಾದ ಶಕ್ತಿ ಅದನ್ನು ಓದುವ ಸಾಧನವಾದ ರೀಡರ್‌ನಿಂದಲೇ ಬರಬೇಕು. ಆ ಶಕ್ತಿ ತಲುಪುವ ರೀತಿ ಆವರ್ತನಕ್ಕೆ ತಕ್ಕಂತೆ ಬದಲಾಗುವುದರಿಂದ ಓದುವ ದೂರ ಮತ್ತು ವೇಗ ಬಹುಮಟ್ಟಿಗೆ ಆವರ್ತನವನ್ನೇ ಅವಲಂಬಿಸಿವೆ.

ಕೆಳ ಆವರ್ತನದ (125–134.2 ಕಿಲೋಹರ್ಟ್ಸ್) ಟ್ಯಾಗ್‌ಗಳು ಕಾಂತೀಯ ಪ್ರೇರಣೆಯಿಂದ ಕೆಲಸ ಮಾಡುತ್ತವೆ. ದೂರವೂ ವೇಗವೂ ಕಡಿಮೆ. ಆದರೆ ನೀರು, ಮಾಂಸಖಂಡ ಅಡ್ಡಬಂದರೂ ಸಂಕೇತ ಅಷ್ಟಾಗಿ ಕುಗ್ಗದು. ಸಾಕುಪ್ರಾಣಿಗಳ ಚರ್ಮದಡಿ ಇಡುವ ಚಿಪ್‌ಗೆ 134.2 ಕಿಲೋಹರ್ಟ್ಸ್ ಅಂತರರಾಷ್ಟ್ರೀಯ ಮಾನಕವಾಗಿದೆ.

13.56 ಮೆಗಾಹರ್ಟ್ಸ್‌ನ ಉನ್ನತ ಆವರ್ತನವೂ ಪ್ರೇರಣೆಯನ್ನೇ ಬಳಸುತ್ತದೆ. ಮೊಬೈಲ್‌ನ ಎನ್‌ಎಫ್‌ಸಿ, ಮೆಟ್ರೊ ಸ್ಮಾರ್ಟ್ ಕಾರ್ಡ್ ಈ ವರ್ಗದವು. ಕಾರ್ಡನ್ನು ಗೇಟಿಗೆ ತೀರಾ ಹತ್ತಿರ ಹಿಡಿಯಬೇಕಾಗುವುದು ದೋಷವಲ್ಲ. ಹಿಂದೆ ನಿಂತವರ ಕಾರ್ಡ್‌ನಿಂದ ಹಣ ಕಡಿತವಾಗದಿರುವುದು ಇದರಿಂದಲೇ.

ಅತ್ಯುನ್ನತ ಆವರ್ತನದಲ್ಲಿ (860–960 ಮೆಗಾಹರ್ಟ್ಸ್) ಕಾರ್ಯವಿಧಾನವೇ ಬೇರೆ. ಟ್ಯಾಗ್ ತನ್ನ ಮೇಲೆ ಬಿದ್ದ ತರಂಗವನ್ನು ಮಾರ್ಪಡಿಸಿ ಹಿಂದಕ್ಕೆ ಪ್ರತಿಫಲಿಸುತ್ತದೆ. ಹಲವು ಮೀಟರ್ ದೂರದಿಂದ, ಕ್ಷಣದಲ್ಲಿ ಅನೇಕ ಟ್ಯಾಗ್‌ಗಳನ್ನು ಓದಬಹುದು. ಭಾರತದ ಫಾಸ್ಟ್ಯಾಗ್ 865–867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಇಲ್ಲಿ ತರಂಗದೂರ ಸುಮಾರು 35 ಸೆಂ.ಮೀ. ಈ ಪಟ್ಟಿಯ ದೊಡ್ಡ ತೊಡಕೆಂದರೆ ನೀರು ತರಂಗವನ್ನು ಹೀರುತ್ತದೆ, ಲೋಹ ಪ್ರತಿಫಲಿಸುತ್ತದೆ. ಲೋಹಲೇಪಿತ ಗಾಜಿನ ಹಿಂದೆ ಅಂಟಿಸಿದ ಫಾಸ್ಟ್ಯಾಗ್ ಟೋಲ್‌ನಲ್ಲಿ ಸರಿಯಾಗಿ ಓದಿಸಿಕೊಳ್ಳದೆ ಹೋಗಬಹುದು. ಲೋಹದ ಮೇಲೆಯೇ ಅಂಟಿಸಬೇಕಾದ ವಿಶೇಷ ಟ್ಯಾಗ್‌ಗಳಲ್ಲಿ ಆಂಟೆನಾ ಮತ್ತು ಲೋಹದ ನಡುವೆ ಫೋಮ್ ಅಥವಾ ಸೆರಾಮಿಕ್ ಪದರ ಇರುತ್ತದೆ.