ಬಸವನಹುಳು ಮತ್ತು ಅದರ ಬಂಧುಗಳು

ಮಕ್ಕಳೇ, ಮಳೆ ಬಿದ್ದ ಮರುದಿನ ಬೇಲಿಯ ಬುಡದಲ್ಲಿ ಬಸವನಹುಳುವನ್ನು ನೋಡಿದ್ದೀರಲ್ಲವೇ? ಅದರ ಬೆನ್ನ ಮೇಲೆ ಸುರುಳಿ ಚಿಪ್ಪು ಇರುತ್ತದೆ. ತಲೆಯ ಮೇಲೆ ಎತ್ತಿನ ಕೋಡುಗಳಂತಹ ಸ್ಪರ್ಶಾಂಗಗಳು ಇರುತ್ತವೆ. ಉದ್ದನೆಯ ಸ್ಪರ್ಶಾಂಗಗಳ ತುದಿಯಲ್ಲಿ ಕಣ್ಣುಗಳಿವೆ.

ಹೆಸರಿನಲ್ಲಿ ‘ಹುಳು’ ಎಂದಿದ್ದರೂ ಇದು ಹುಳುವಲ್ಲ. ಇದಕ್ಕೆ ಮೂಳೆಗಳಿಲ್ಲ, ದೇಹ ಮೆತ್ತಗಿದೆ. ಇಂತಹ ಪ್ರಾಣಿಗಳನ್ನು ಮೃದ್ವಂಗಿಗಳು ಎನ್ನುತ್ತಾರೆ. ಮೃದ್ವಂಗಿಗಳಲ್ಲಿ ಹೊಟ್ಟೆಯ ಕೆಳಭಾಗವನ್ನೇ ಪಾದದಂತೆ ಬಳಸಿ ನಡೆಯುವವು ಉದರಪಾದಿಗಳು. ಬಸವನಹುಳು ಒಂದು ಉದರಪಾದಿ.

ನೀವು ಚೌಕಾಬಾರ ಆಡುವ ಕವಡೆ, ಗುಡಿಯಲ್ಲಿ ಊದುವ ಶಂಖ ಯಾವುವು? ಅವೂ ಉದರಪಾದಿಗಳ ಚಿಪ್ಪುಗಳೇ. ರಾಯದುರ್ಗ, ಮಡಕಶಿರಾಗಳಿಗೆ ಸಮುದ್ರ ಬಹು ದೂರ. ಆದರೂ ಸಮುದ್ರದ ಈ ಪ್ರಾಣಿಗಳ ಚಿಪ್ಪುಗಳು ನಮ್ಮ ಮನೆಗಳಲ್ಲಿವೆ!

ಉದರಪಾದಿಗಳು ಸುಮಾರು 50 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ಹುಟ್ಟಿದವು. ಅವುಗಳಲ್ಲಿ ಬಹಳ ಹಿಂದೆಯೇ ಬೇರೆಯಾದ ಒಂದು ಗುಂಪು ಲಿಂಪೆಟ್. ವಿಶಾಖಪಟ್ಟಣದ ಕಡಲ ಬಂಡೆಗಳ ಮೇಲೆ ಇವನ್ನು ಕಾಣಬಹುದು. ಇವುಗಳ ಚಿಪ್ಪು ಸುರುಳಿಯಲ್ಲ, ಬೋರಲು ಹಾಕಿದ ಬಟ್ಟಲಿನಂತಿದೆ. ಅಲೆ ಬಡಿದರೂ ಲಿಂಪೆಟ್ ಬಂಡೆಯನ್ನು ಬಿಡುವುದಿಲ್ಲ. ನಾಲಗೆಯ ಮೇಲಿನ ಸಣ್ಣ ಹಲ್ಲುಗಳಿಂದ ಪಾಚಿಯನ್ನು ಕೆರೆದು ತಿನ್ನುತ್ತದೆ. ಈ ಹಲ್ಲು ಜೇಡರ ಎಳೆಗಿಂತಲೂ ಬಲವಾದುದು ಎಂದು 2015ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಕಂಡುಕೊಂಡರು. ಲಿಂಪೆಟ್ ತನ್ನ ಮೊಟ್ಟೆಗಳನ್ನು ನೇರವಾಗಿ ಸಮುದ್ರದ ನೀರಿಗೇ ಬಿಡುತ್ತದೆ. ಕೆಲವು ಉದರಪಾದಿಗಳಿಗೆ ಹೊರಗೆ ಚಿಪ್ಪೇ ಇಲ್ಲ. ಅವುಗಳನ್ನು ಸ್ಲಗ್ ಎನ್ನುತ್ತಾರೆ.

ಸಮುದ್ರದ ಉದರಪಾದಿಗಳಲ್ಲಿ ಹೆಚ್ಚಿನವು ಕಿವಿರುಗಳಿಂದ ಉಸಿರಾಡುತ್ತವೆ. ತೋಟದ ಬಸವನಹುಳು ಶ್ವಾಸಕೋಶದಿಂದ ಉಸಿರಾಡುತ್ತದೆ, ಹಸಿ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಕೆರೆಯ ದೊಡ್ಡ ಬಸವನಹುಳುವಿಗೆ ಎರಡೂ ಇವೆ! ನಮ್ಮದು ಮಳೆ ಕಡಿಮೆ ಬೀಳುವ ಸೀಮೆ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಮೀನುಗಳು ಸಾಯುತ್ತವೆ. ಈ ಬಸವನಹುಳು ಮಾತ್ರ ಕೆಸರಿನೊಳಗೆ ಇಳಿದು, ಚಿಪ್ಪಿನ ಬಾಯಿಯನ್ನು ಮುಚ್ಚಳದಿಂದ ಮುಚ್ಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಏನೂ ತಿನ್ನದೆ ಮಳೆಗಾಗಿ ಕಾಯುತ್ತದೆ. ಕೆರೆ ತುಂಬಿದಾಗ ಮತ್ತೆ ಹೊರಬರುತ್ತದೆ. ಬಾಯಿಕಳಕ ಎಂಬ ಕೊಕ್ಕರೆಗೆ ಇದೇ ಮುಖ್ಯ ಆಹಾರ.

ಆದ್ದರಿಂದ ಬಸವನಹುಳುವಿನ ಮೇಲೆ ಆಟಕ್ಕೆಂದು ಉಪ್ಪು ಹಾಕಬೇಡಿರಿ. ಉಪ್ಪು ಅದರ ದೇಹದ ನೀರನ್ನು ಹೀರಿ ಕೊಲ್ಲುತ್ತದೆ. ಅದನ್ನು ಮುಟ್ಟಿದರೆ ಸಾಬೂನಿನಿಂದ ಕೈ ತೊಳೆಯಿರಿ.

ಅಭ್ಯಾಸ

1. ಉದರಪಾದಿ ಎಂದರೇನು?
2. ಲಿಂಪೆಟ್‌ನ ಚಿಪ್ಪು ಹೇಗಿರುತ್ತದೆ?
3. ಕೆರೆ ಬತ್ತಿದಾಗ ಕೆರೆಯ ಬಸವನಹುಳು ಹೇಗೆ ಬದುಕುತ್ತದೆ?
4. ಬಿಟ್ಟ ಸ್ಥಳ ತುಂಬಿರಿ: ತೋಟದ ಬಸವನಹುಳು ______ದಿಂದ ಉಸಿರಾಡುತ್ತದೆ.
5. ಮಾಡಿ ನೋಡಿರಿ: ಖಾಲಿ ಚಿಪ್ಪುಗಳನ್ನು ಸಂಗ್ರಹಿಸಿ, ಸುರುಳಿ ಇರುವವು ಮತ್ತು ಇಲ್ಲದವು ಎಂದು ವಿಂಗಡಿಸಿರಿ.